ತೂಕ ಇಳಿಸುವ ಆಪರೇಷನ್: ಡಾಕ್ಟರ್ ‘ಹೂಂ’ ಅಂದರೆ ಸಾಲದು, ವಿಮೆಯ ಲೆಕ್ಕವೂ ಕೂಡಿಬರಬೇಕು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುವುದು ನಮ್ಮವರಿಗೆ ಹೊಸತಲ್ಲ. ಈಗೀಗ ಹಾಗೆ ಹೋಗುವವರಲ್ಲಿ ತೂಕ ಇಳಿಸುವ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿಗೆ ತಯಾರಾಗುವವರೂ ಇದ್ದಾರೆ. ಖರ್ಚು ಲಕ್ಷಗಳಲ್ಲಿ. ಹಾಗಾಗಿ ಆಪರೇಷನ್ನಿನ ಭಯದ ಜೊತೆಗೆ ಇನ್ನೊಂದು ಭಯವೂ ಉಂಟು: ‘ಇನ್ಶೂರೆನ್ಸ್‌ನವರು ಪಾಸ್ ಮಾಡ್ತಾರಾ, ಕೊನೆ ಗಳಿಗೆಯಲ್ಲಿ ಕೈ ಎತ್ತಿದರೆ?’

ಈ ಭಯ ಪೂರ್ತಿ ಹೋಗ್ಲಿಕ್ಕಿಲ್ಲ. ಆದರೆ ವಿಮೆ ಕಂಪೆನಿ ಏನನ್ನು ನೋಡಿ ನಿರ್ಧಾರ ಮಾಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಕಡಿಮೆ ಆಗುತ್ತದೆ.

ಎರಡು ತಕ್ಕಡಿ

ಡಾಕ್ಟರ ತಕ್ಕಡಿ ಬೇರೆ, ವಿಮೆಯ ತಕ್ಕಡಿ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ.

ಎರಡೂ ಕಡೆ ಅಳತೆ ಬಿಎಂಐ. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. 2022ರಲ್ಲಿ ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳ ಸೊಸೈಟಿ ಮತ್ತು ಅಂತಾರಾಷ್ಟ್ರೀಯ ಒಕ್ಕೂಟ ಸೇರಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಿಎಂಐ 35 ದಾಟಿದವರಿಗೆ ಬೇರೆ ರೋಗ ಇಲ್ಲದಿದ್ದರೂ ಆಪರೇಷನ್ ಸೂಚಿಸಬಹುದು. ಶುಗರ್‌ನಂಥ ಕಾಯಿಲೆ ಇದ್ದರೆ 30ಕ್ಕೇ ಯೋಚಿಸಬಹುದು. ಏಷ್ಯಾದವರ ಮೈಯಲ್ಲಿ ಕಡಿಮೆ ತೂಕಕ್ಕೇ ಕಾಯಿಲೆ ಹತ್ತುವುದರಿಂದ ನಮಗೆ ಈ ಗೆರೆ ಇನ್ನೂ ಕೆಳಗೆ ಬರುತ್ತದೆ.

ವಿಮೆಯ ಗೆರೆ ಮೇಲೆ ಉಂಟು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದಲ್ಲಿ ಬೊಜ್ಜಿನ ಚಿಕಿತ್ಸೆಯ ಕಲಮಿಗೆ ಒಂದೇ ರೀತಿಯ ವಾಕ್ಯ ಗೊತ್ತುಮಾಡಿದೆ. ನಿಮ್ಮ ಪಾಲಿಸಿ ಪುಸ್ತಕದಲ್ಲಿ ‘ಎಕ್ಸ್‌ಕ್ಲೂಷನ್’ ಎಂಬ ಭಾಗದಲ್ಲಿ ಕೋಡ್ 06 ಹುಡುಕಿ. ಅದರ ಸಾರ ಇಷ್ಟು: ಡಾಕ್ಟರ ಸಲಹೆ ಇರಬೇಕು, ವೈದ್ಯಕೀಯ ಪದ್ಧತಿಗೆ ಅನುಗುಣವಾಗಿರಬೇಕು, ರೋಗಿಗೆ 18 ವರ್ಷ ತುಂಬಿರಬೇಕು. ಬಿಎಂಐ 40 ಅಥವಾ ಹೆಚ್ಚಿರಬೇಕು. 35ರಿಂದ 40ರ ಒಳಗೆ ಇದ್ದರೆ ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರುಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಟೈಪ್ 2 ಡಯಾಬಿಟೀಸ್ — ಇವುಗಳಲ್ಲಿ ಒಂದಾದರೂ ಇರಬೇಕು. ಪಥ್ಯ, ವ್ಯಾಯಾಮ, ಔಷಧಿಯಂಥ ಸಣ್ಣ ಉಪಾಯಗಳು ಫಲ ಕೊಡದೆ ಹೋಗಿರಬೇಕು.

ಲೆಕ್ಕ ಹಾಕಿ ನೋಡುವ. ಎತ್ತರ 160 ಸೆಂಟಿಮೀಟರ್ ಇದ್ದವರಿಗೆ 102.4 ಕಿಲೋ ಬಂದರೆ ಬಿಎಂಐ 40, 89.6 ಕಿಲೋ ಬಂದರೆ 35. ಅದೇ ಎತ್ತರದ, 85 ಕಿಲೋ ತೂಕದ, ಶುಗರ್ ಇರುವ ಹೆಂಗಸಿಗೆ ಬಿಎಂಐ ಸುಮಾರು 33. ‘ಆಪರೇಷನ್ ಒಳ್ಳೆಯದು’ ಎಂದು ಡಾಕ್ಟರ್ ಹೇಳಿದ್ದೂ ಸರಿ, ‘ನಮ್ಮ ಕಲಮಿಗೆ ಬರುವುದಿಲ್ಲ’ ಎಂದು ಕಂಪೆನಿ ಹೇಳಿದ್ದೂ ನಿಯಮದ ಪ್ರಕಾರ ಸರಿ. ಅಂಥವರು ಒಪ್ಪಿಗೆಯ ಆಸೆಯಲ್ಲಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಮೊದಲೇ ಕೈಯಿಂದ ಹಾಕುವ ಹಣದ ಲೆಕ್ಕ ಮಾಡುವುದು ಒಳ್ಳೆಯದು.

ಪಾಲಿಸಿಯ ವಯಸ್ಸೂ ಮುಖ್ಯ

ಈ ತಿಂಗಳು ಪಾಲಿಸಿ ಮಾಡಿ ಮುಂದಿನ ತಿಂಗಳು ಆಪರೇಷನ್ ಮಾಡಿಸಲಿಕ್ಕೆ ಆಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಂಪೆನಿ 36 ತಿಂಗಳವರೆಗೆ ಕಾಯುವ ಅವಧಿ ಇಡಬಹುದು. ಬೇರಿಯಾಟ್ರಿಕ್ ಸರ್ಜರಿಗೆಂದೇ ಪ್ರತ್ಯೇಕ ಅವಧಿ ಅಥವಾ ಮೊತ್ತದ ಮಿತಿ ಬರೆದ ಪಾಲಿಸಿಗಳೂ ಉಂಟು.

ಊರಿನ ಪಾಲಿಸಿ ಮಾಡಿಟ್ಟು ಗಲ್ಫಿಗೆ ಹೋದವರು ಇಲ್ಲಿ ಜಾಗ್ರತೆ ವಹಿಸಬೇಕು. ವರ್ಷದ ಕಂತು ತಪ್ಪಿದರೆ ಗ್ರೇಸ್ ಅವಧಿ 30 ದಿನ. ಅದೂ ಕಳೆದರೆ ಅಷ್ಟು ವರ್ಷ ಕಾದದ್ದು ನೀರಿನಲ್ಲಿ ಹೋಮ. ಗಲ್ಫ್ ಕಂಪೆನಿಯ ಇನ್ಶೂರೆನ್ಸಿನಲ್ಲಿ ಕಳೆದ ವರ್ಷಗಳು ಇಲ್ಲಿಯ ಕಾಯುವ ಅವಧಿಗೆ ಜಮೆ ಆಗುವುದಿಲ್ಲ. ಭಾರತದ ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಕ್ರಮಪ್ರಕಾರ ಪೋರ್ಟ್ ಮಾಡಿದರೆ ಮಾತ್ರ ಹಳೆಯ ಅವಧಿ ಲೆಕ್ಕಕ್ಕೆ ಸಿಗುತ್ತದೆ.

ಶುಗರ್, ಬಿಪಿ ಇದ್ದದ್ದನ್ನು ಪಾಲಿಸಿ ಮಾಡುವಾಗ ಮುಚ್ಚಿಡಬಾರದು. ‘ಅದೆಲ್ಲ ಬರೆಯೋದು ಬೇಡ’ ಎಂದು ಏಜೆಂಟ್ ಹೇಳಿದರೂ ಸಹಿ ನಿಮ್ಮದೇ. ಕ್ಲೇಮಿನ ಹೊತ್ತಿಗೆ ಹಳೆಯ ಚೀಟಿಗಳು ಹೊರಗೆ ಬರುತ್ತವೆ.

ವಿಮೆ ದೀನಿನ ದೃಷ್ಟಿಯಲ್ಲಿ ಸರಿಯೇ ಎಂಬ ಅನುಮಾನ ಹಲವು ಮನೆಗಳಲ್ಲಿ ಇದೆ. ಅದನ್ನು ನಂಬಿಕೆಯ ಉಲಮಾಗಳಲ್ಲಿ ಕೇಳಿ ತೀರ್ಮಾನಿಸಬೇಕು. ಆದರೆ ಆ ಪ್ರಶ್ನೆಯನ್ನು ಆಪರೇಷನ್ ತಾರೀಕು ಗೊತ್ತಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ತಯಾರಿಯ ತಿಂಗಳುಗಳೇ ದಾಖಲೆ

ಆಪರೇಷನ್ನಿಗೆ ಮೊದಲು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಇಸಿಜಿ, ಎಕೋ, ಎಂಡೋಸ್ಕೋಪಿ, ಬೇಕಾದರೆ ನಿದ್ದೆಯ ಪರೀಕ್ಷೆ, ಆಹಾರ ತಜ್ಞರ ಮತ್ತು ಮನೋವೈದ್ಯರ ಭೇಟಿ ಎಲ್ಲ ಆಗುತ್ತದೆ. ಸ್ಲೀವ್ ಆಪರೇಷನ್ನಿನಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗದಷ್ಟು ಕತ್ತರಿಸಿ ತೆಗೆಯುತ್ತಾರೆ, ಮತ್ತೆ ಜೋಡಿಸಲಿಕ್ಕಿಲ್ಲ. ಹಾಗಾಗಿ ಈ ತಪಾಸಣೆಗಳು ಕಾಟಾಚಾರಕ್ಕಲ್ಲ. ವಿಮೆ ಕೇಳುವ ಸಾಕ್ಷಿಯೂ ಇದರಲ್ಲೇ ಇರುತ್ತದೆ. ಮೂರು ತಿಂಗಳ ಶುಗರಿನ ಎಚ್‌ಬಿಎ1ಸಿ ರಿಪೋರ್ಟ್ ಇಲ್ಲದೆ ‘ಹತೋಟಿಗೆ ಬಾರದ ಡಯಾಬಿಟೀಸ್’ ಎಂದು ತೋರಿಸಲಿಕ್ಕೆ ಆಗುವುದಿಲ್ಲ. ನಿದ್ದೆಯ ಪರೀಕ್ಷೆ ಇಲ್ಲದೆ ಉಸಿರುಕಟ್ಟುವ ತೊಂದರೆಗೆ ಪುರಾವೆ ಇಲ್ಲ.

ಮೊದಲು ತೂಕ ಇಳಿಸಲು ಮಾಡಿದ ಪ್ರಯತ್ನಕ್ಕೂ ಕಾಗದ ಬೇಕು. ‘ಪತ್ತಿರಿ ಬಿಟ್ಟೆ, ಬಿರಿಯಾನಿ ಬಿಟ್ಟೆ, ದಿನಾ ನಡೆದೆ’ ಎಂದು ಬಾಯಲ್ಲಿ ಹೇಳಿದರೆ ಕಂಪೆನಿಗೆ ಕೇಳಿಸುವುದಿಲ್ಲ. ಆಹಾರ ತಜ್ಞರ ಚೀಟಿ, ಔಷಧಿಯ ಬಿಲ್ಲು, ಪ್ರತಿ ಭೇಟಿಯಲ್ಲಿ ತಾರೀಕಿನ ಸಮೇತ ಬರೆದ ತೂಕ — ಅಂಗಡಿಯ ವಹಿಯ ಹಾಗೆ ಒಂದೇ ಫೈಲಿನಲ್ಲಿ ಇರಬೇಕು.

ಒಂದು ಸೂಕ್ಷ್ಮ ವಿಷಯ ಉಂಟು. ಲಿವರ್ ಸಣ್ಣದಾಗಿ ಸರ್ಜನ್‌ಗೆ ಜಾಗ ಸಿಗಲಿ ಎಂದು ಆಪರೇಷನ್ನಿಗೆ ಸುಮಾರು ಎರಡು ವಾರ ಮೊದಲಿನಿಂದ ಕಡಿಮೆ ಕ್ಯಾಲೊರಿಯ ಪಥ್ಯ ಕೊಡುತ್ತಾರೆ. ಅದೇ 160 ಸೆಂಟಿಮೀಟರ್ ಎತ್ತರದವರು 92 ಕಿಲೋ ಇದ್ದರೆ ಬಿಎಂಐ 35.9. ಪಥ್ಯದಲ್ಲಿ 88ಕ್ಕೆ ಇಳಿದರೆ 34.4. ‘ಗೆರೆ ಕೆಳಗೆ ಹೋಯ್ತಲ್ಲ’ ಎಂದು ಹೆದರಿ ಪಥ್ಯ ಬಿಡುವುದು ಅಪಾಯ, ಕೊಬ್ಬಿದ ಲಿವರ್ ಆಪರೇಷನ್ನನ್ನೇ ಕಷ್ಟ ಮಾಡುತ್ತದೆ. ಪಥ್ಯ ಶುರು ಮಾಡುವ ಮೊದಲಿನ ಎತ್ತರ, ತೂಕ, ಬಿಎಂಐಯನ್ನು ತಾರೀಕು ಹಾಕಿ ಬರೆಸಿ. ಇಳಿದದ್ದು ಆಪರೇಷನ್ನಿನ ಪಥ್ಯದಿಂದ ಎಂದು ಸರ್ಜನ್ನಿನ ಪತ್ರದಲ್ಲೂ ಇರಲಿ.

ಒಪ್ಪಿಗೆ ಬಂದರೂ ಬಿಲ್ ನೋಡಿ

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಿಂದ ಕ್ಯಾಶ್‌ಲೆಸ್ ಅರ್ಜಿ ಹೋದ ಮೇಲೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು, ಡಿಸ್ಚಾರ್ಜ್ ಹೊತ್ತಿನ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಎಂದು ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಆದರೆ ಕಾಗದ ಕಡಿಮೆ ಇದ್ದರೆ ಪ್ರಶ್ನೆ ವಾಪಸ್ ಬರುತ್ತದೆ. ಮೊದಲ ಒಪ್ಪಿಗೆ ಬಂತೆಂದರೆ ಇಡೀ ಬಿಲ್ ಪಾಸಾಯಿತು ಎಂದೂ ಅರ್ಥ ಅಲ್ಲ.

ಮೂರು ವಿಷಯ ಮೊದಲೇ ಕೇಳಿಡಿ. ರೂಮ್ ಬಾಡಿಗೆಗೆ ಮಿತಿ ಉಂಟಾ? 3 ಲಕ್ಷದ ಪಾಲಿಸಿಯಲ್ಲಿ ಶೇ. 1 ಎಂದಿದ್ದರೆ ದಿನಕ್ಕೆ 3,000 ರೂಪಾಯಿ. 6,000ದ ರೂಮ್ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಡಾಕ್ಟರ್ ಫೀಸಿನಂಥ ಖರ್ಚಿನಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಆಗಬಹುದು. ಎರಡನೆಯದು, ಈ ಆಪರೇಷನ್ನಿನಲ್ಲಿ ಸ್ಟೇಪ್ಲರ್ ಮುಂತಾದ ಸಾಮಗ್ರಿಯ ಪಾಲು ದೊಡ್ಡದು, ಅದು ಪಾಲಿಸಿಯಲ್ಲಿ ಸೇರುತ್ತದಾ? ಮೂರನೆಯದು, ರೋಬೋಟ್ ಬಳಸಿದರೆ ಪ್ರತ್ಯೇಕ ಮಿತಿ ಉಂಟಾ? ಉತ್ತರ ಫೋನಿನಲ್ಲಿ ಬೇಡ, ಇಮೇಲಿನಲ್ಲಿ ತೆಗೆದುಕೊಳ್ಳಿ.

ಇಲ್ಲ ಅಂದರೆ?

ಕ್ಯಾಶ್‌ಲೆಸ್ ತಿರಸ್ಕಾರ ಆದರೆ ಕ್ಲೇಮೇ ಸತ್ತಿತು ಎಂದಲ್ಲ. ಹಣ ಕಟ್ಟಿ, ಒರಿಜಿನಲ್ ಬಿಲ್ಲುಗಳೊಂದಿಗೆ ರೀಇಂಬರ್ಸ್‌ಮೆಂಟ್ ಕೇಳಬಹುದು. ಆದರೆ ಆ ಹಣ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಚಿನ್ನ ಅಡವು ಇಡಬೇಡಿ. ಯಾವ ಕಲಮಿನಡಿ ತಿರಸ್ಕಾರ ಎಂದು ಲಿಖಿತವಾಗಿ ಕೇಳುವುದು ನಿಮ್ಮ ಹಕ್ಕು. ಮೊದಲ ದೂರು ಕಂಪೆನಿಯ ದೂರು ಅಧಿಕಾರಿಗೆ. ಐಆರ್‌ಡಿಎಐಯ ಬೀಮಾ ಭರೋಸಾ ಪೋರ್ಟಲ್, 155255 ಸಂಖ್ಯೆಯೂ ಇದೆ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿ ಕಾಣದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅಲ್ಲಿ ಫೀಸಿಲ್ಲ, ವಕೀಲರು ಬೇಡ.

ಗಡಿಯವರಿಗೆ ಇಲ್ಲೊಂದು ಗೊಂದಲ: ಮನೆ ಕೇರಳದಲ್ಲಿ, ಪಾಲಿಸಿ ಮಂಗಳೂರು ಶಾಖೆಯದ್ದು, ದೂರು ಎಲ್ಲಿಗೆ? ವಾಸದ ವಿಳಾಸ ಅಥವಾ ಕಂಪೆನಿಯ ಶಾಖೆ, ಎರಡರಲ್ಲಿ ಯಾವುದರ ವ್ಯಾಪ್ತಿಯಲ್ಲಾದರೂ ಕೊಡಲು ನಿಯಮ ಬಿಡುತ್ತದೆ. ಕಾಸರಗೋಡು ಜಿಲ್ಲೆಗೆ ಕೊಚ್ಚಿ ಕಚೇರಿ, ಮಂಗಳೂರಿಗೆ ಬೆಂಗಳೂರು ಕಚೇರಿ.

‘ಬಾಯಿ ಕಟ್ಟಿದ್ರೆ ಸಾಕಿತ್ತು, ಇದಕ್ಕೆಲ್ಲ ಆಪರೇಷನ್ನಾ’ ಎನ್ನುವವರು ಮದುವೆ ಮನೆಯಲ್ಲೂ ಸಿಗುತ್ತಾರೆ. ಅದಕ್ಕೆ ನಾಚಿ ಎಷ್ಟೋ ಜನ ಗುಟ್ಟಾಗಿ ತಯಾರಾಗುತ್ತಾರೆ, ಪಾಲಿಸಿ ಪುಸ್ತಕವನ್ನು ಇನ್ನೊಬ್ಬರಿಗೆ ತೋರಿಸುವುದೂ ಇಲ್ಲ. ಬೊಜ್ಜು ಕಾಯಿಲೆ, ಅದರ ಚಿಕಿತ್ಸೆಗೆ ಹಣ ಕೇಳುವುದು ಭಿಕ್ಷೆ ಅಲ್ಲ. ಮನೆಯಲ್ಲಿ ಓದು ಬಲ್ಲ ಮಕ್ಕಳಿದ್ದರೆ ಕೋಡ್ 06ರ ಪುಟವನ್ನು ಇವತ್ತೇ ಓದಿಸಿ.