ಹತ್ತುವವರಿದ್ದರೆ ಉಳಿಯುವ ಬಂಡೆಗಳು

ಬೆಂಗಳೂರು ಬಯಲುಸೀಮೆಯ ಊರು ಎಂಬುದು ಸಾಮಾನ್ಯ ನಂಬಿಕೆ. ಬಸವನಗುಡಿಯಿಂದ ಹೊರಟು ಜಯನಗರ, ಬನಶಂಕರಿಗಳನ್ನು ದಾಟಿ ಕನಕಪುರ ರಸ್ತೆಯ ಕಡೆಗೆ ಸೈಕಲ್ ತುಳಿದವರು ಮಾತ್ರ ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ದಾರಿಯುದ್ದಕ್ಕೂ ಏರು, ಇಳಿತ. ಮನೆಗಳ ಸಾಲಿನ ನಡುವೆ ಅಲ್ಲಲ್ಲಿ ಬೋಳು ಬಂಡೆಯೊಂದು ತಲೆಯೆತ್ತಿ ನಿಂತಿರುತ್ತದೆ. ಲಾಲ್‌ಬಾಗ್‌ನ ಬಂಡೆ, ಬಸವನಗುಡಿಯ ಬ್ಯೂಗಲ್ ರಾಕ್, ಜಯನಗರದ ರಾಗಿಗುಡ್ಡ, ಬನಶಂಕರಿಯಾಚೆಯ ತುರಹಳ್ಳಿ ಗುಡ್ಡ ಇವೆಲ್ಲ ಒಂದೇ ಸಂಸಾರಕ್ಕೆ ಸೇರಿದವು. ಸಂಜೆಯಾಯಿತೆಂದರೆ ಇವುಗಳ ನೆತ್ತಿಗೆ ಹೋಗಿ ಗಾಳಿಗೆ ಕುಳಿತು ಊರು ನೋಡುವುದು ದಕ್ಷಿಣ ಬೆಂಗಳೂರಿನವರ ಹಳೆಯ ರೂಢಿ.

ಈ ಸಂಸಾರದ ಹಿರಿತನ ಬೆರಗು ಹುಟ್ಟಿಸುವಂಥದು. ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಿಮಾಲಯ ಮೇಲೇಳತೊಡಗಿ ಐದು ಕೋಟಿ ವರ್ಷಗಳಷ್ಟೇ ಆಗಿವೆ ಎಂಬುದನ್ನು ನೆನೆದರೆ ಅಂತರ ತಿಳಿದೀತು. ನೆಲದಾಳದ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಬೆಂದು ಮಡಿಚಿಕೊಂಡ ಈ ಕಲ್ಲಿನಲ್ಲಿ ಕಪ್ಪು ಬಿಳುಪಿನ ಪಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ. ದಕ್ಷಿಣ ಭಾರತದ ಬಹುಭಾಗಕ್ಕೆ ತಳಪಾಯವಾಗಿರುವ ಕಲ್ಲು ಇದೇ ಆದ್ದರಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಪಶ್ಚಿಮಕ್ಕೆ, ರಾಮನಗರ ಮತ್ತು ಮಾಗಡಿಗಳ ಕಡೆಗೆ ಹೋದಂತೆ ಕಲ್ಲಿನ ಜಾತಿ ಬದಲಾಗುತ್ತದೆ. ಅಲ್ಲಿನದು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಆ ಹೆಸರನ್ನು ಬಿಟ್ಟರೂ ಕಲ್ಲು ಬಿಟ್ಟಿಲ್ಲ. ವಿಜ್ಞಾನಿಗಳಿಗೆ ಅದು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್.

ಕಾವಲಿನ ಕಣ್ಣು

ಬಂಡೆಯ ಮೇಲೆ ಮೊದಲು ಹತ್ತಿದವರು ವಿಹಾರಕ್ಕೆ ಹತ್ತಿದವರಲ್ಲ. ಬ್ಯೂಗಲ್ ರಾಕ್‌ಗೆ ಆ ಹೆಸರು ಬಂದುದು ಸಂಜೆಯ ಹೊತ್ತಿಗೆ ಅದರ ಮೇಲೆ ನಿಂತು ಕಹಳೆ ಊದುತ್ತಿದ್ದ ಕಾವಲುಗಾರರಿಂದ ಎಂಬುದು ಪ್ರತೀತಿ. ಲಾಲ್‌ಬಾಗ್‌ನ ಬಂಡೆಯ ನೆತ್ತಿಯಲ್ಲಿರುವ ಪುಟ್ಟ ಮಂಟಪ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು. ಉಳಿದವು ಕೆಂಪಾಂಬುಧಿ ಕೆರೆ, ಹಲಸೂರು ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಮರಗಳೂ ಮಹಡಿಗಳೂ ಅಡ್ಡವಿಲ್ಲದ ಕಾಲದಲ್ಲಿ ಇಂಥ ಎತ್ತರದಿಂದ ದೂಳೆಬ್ಬಿಸಿಕೊಂಡು ಬರುವ ದಂಡನ್ನು ಹರದಾರಿಗಳ ಆಚೆಯೇ ಗುರುತಿಸಬಹುದಾಗಿತ್ತು.

ಈ ಕಾವಲಿನ ಸಾಲಿಗೆ ದೊಡ್ಡಣ್ಣನಂತಿರುವುದು ಮಾಗಡಿ ತಾಲ್ಲೂಕಿನ ಸಾವನದುರ್ಗ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ, ಅಖಂಡ ಬಂಡೆ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಯ ಕಡೆಗೆ ಸರಿದರು. ಈ ದುರ್ಗ ಅವರಿಗೆ ಆಸರೆಯಾಯಿತು. 1728ರಲ್ಲಿ ಅದು ಮೈಸೂರಿನ ಪಾಲಾಯಿತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಅದನ್ನು ಕಸಿದುಕೊಂಡಿತು. ಅಂದು ಸೈನಿಕರು ಜೀವ ಕೈಯಲ್ಲಿ ಹಿಡಿದು ಏರಿದ ಬಂಡೆಯನ್ನು ಈಗ ಭಾನುವಾರದ ಬುತ್ತಿ ಕಟ್ಟಿಕೊಂಡು ಬಂದ ಹುಡುಗರು ಏರುತ್ತಾರೆ.

ದೇವರು, ತೋಟ, ಕಲ್ಲುಕುಟಿಗ

ಕಾವಲಿನ ಕೆಲಸ ಮುಗಿದ ಮೇಲೂ ಕೆಲವು ಬಂಡೆಗಳು ಹೇಗೆ ಉಳಿದವು? ಬೇರೆ ಯಾರಾದರೂ ಅವುಗಳನ್ನು ತಮ್ಮದೆಂದುಕೊಂಡ ಕಾರಣದಿಂದ. ಲಾಲ್‌ಬಾಗ್‌ನ ಬಂಡೆ ತೋಟದ ಆವರಣದೊಳಗೆ ಸೇರಿಹೋಯಿತು. ಬ್ಯೂಗಲ್ ರಾಕ್‌ನ ಆಸುಪಾಸಿನಲ್ಲಿ ದೊಡ್ಡಬಸವಣ್ಣ ಮತ್ತು ದೊಡ್ಡಗಣಪತಿಯ ಗುಡಿಗಳಿವೆ. ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆಗೆ ಬಂದವರು ಬಂಡೆಯ ಮೇಲೊಮ್ಮೆ ಕುಳಿತೇ ಹೋಗುತ್ತಾರೆ. ಜಯನಗರದ ಗುಡ್ಡವಾದರೋ ರಾಗಿಯ ರಾಶಿಯೇ ಕಲ್ಲಾದದ್ದು ಎಂಬುದು ಜನ ಹೇಳುವ ಕಥೆ. 1969ರಲ್ಲಿ ಅಲ್ಲಿ ಆಂಜನೇಯ ನೆಲೆಗೊಂಡ. 2025ರಲ್ಲಿ ಮೆಟ್ರೊದ ಹಳದಿ ಮಾರ್ಗ ತೆರೆದಾಗ ನಿಲ್ದಾಣಕ್ಕೂ ಗುಡ್ಡದ ಹೆಸರೇ ಬಂತು.

ಹೀಗೆ ದೇವರೂ ತೋಟವೂ ಇಲ್ಲದ ಬಂಡೆಗಳ ಪಾಡು ಬೇರೆ. ಬೆಂಗಳೂರಿನ ಕಲ್ಲುಕುಟಿಗರಿಗೆ ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಕಾವಿಗೆ ಪದರ ಎದ್ದ ಮೇಲೆ ಅದನ್ನು ಚಪ್ಪಡಿಯಾಗಿ ಬಿಡಿಸುವ ವಿದ್ಯೆ ಕೈವಶವಾಗಿತ್ತು. ಹಳೆಯ ಮನೆಗಳ ಮೆಟ್ಟಿಲು, ತೋಟದ ಬೇಲಿಯ ಕಲ್ಲು, ಚರಂಡಿಯ ಮುಚ್ಚಳ ಇವೆಲ್ಲ ಯಾವುದೋ ಗುಡ್ಡದ ಮೈಯಿಂದ ಬಂದವೇ. ಬೆಂಕಿಯ ಜಾಗಕ್ಕೆ ಸಿಡಿಮದ್ದು ಬಂದ ಮೇಲೆ ಪದರ ಏಳುವ ಮಾತು ನಿಂತು ಗುಡ್ಡವೇ ಏಳತೊಡಗಿತು. ಊರು ಬೆಳೆದಂತೆ ಹಲವು ದಿಬ್ಬಗಳು ಜಲ್ಲಿಯಾದವು, ನಿವೇಶನವಾದವು.

ತುರಹಳ್ಳಿಯ ಪಾಠ

ತುರಹಳ್ಳಿ ಗುಡ್ಡದ ಸುತ್ತಲಿನ ಕಿರು ಅರಣ್ಯ ಈ ದೃಷ್ಟಿಯಿಂದ ಮುಖ್ಯವಾದದ್ದು. ಬನಶಂಕರಿ ಆರನೇ ಹಂತದ ಮಗ್ಗುಲಲ್ಲಿರುವ ಇಲ್ಲಿ ನವಿಲಿನ ಕೂಗು ಕೇಳುತ್ತದೆ. ಮಳೆ ಬಂದಾಗ ಬಂಡೆಯ ತಗ್ಗುಗಳು ಪುಟ್ಟ ದೊಣೆಗಳಾಗಿ ತುಂಬಿಕೊಳ್ಳುತ್ತವೆ; ಮಿಕ್ಕ ನೀರು ಜಾರಿ ಬುಡದ ಮಣ್ಣಿಗೆ ಇಂಗುತ್ತದೆ. ಆಳೆತ್ತರದ ಗುಂಡುಗಳನ್ನು ಹಗ್ಗವಿಲ್ಲದೆ ಹತ್ತುವ ಶಿಲಾರೋಹಣದ ಆಟಕ್ಕೆ ನಗರದ ಎಷ್ಟೋ ಹುಡುಗ ಹುಡುಗಿಯರ ಮೊದಲ ಪಾಠಶಾಲೆ ಇದೇ. ಈ ಕಲ್ಲಿನಲ್ಲಿ ಹಿಡಿಯಲು ಬಿರುಕುಗಳು ಕಡಿಮೆ. ಒರಟು ಹರಳುಗಳ ಮೇಲೆ ಪಾದ ಊರಿ, ಆ ಹಿಡಿತವನ್ನೇ ನಂಬಿ ಮೇಲೇರಬೇಕು. ಬಿಸಿಲಿಗೆ ಅಂಗೈ ಬೆವರಿದರೂ, ಮಳೆಗೆ ಕಲ್ಲು ಪಾಚಿಗಟ್ಟಿದರೂ ಆ ಹಿಡಿತ ತಪ್ಪುತ್ತದೆ. ಆದ್ದರಿಂದಲೇ ಬಲ್ಲವರು ಚಳಿಗಾಲದ ಮುಂಜಾವನ್ನು ಆರಿಸಿಕೊಳ್ಳುತ್ತಾರೆ.

2021ರಲ್ಲಿ ಅರಣ್ಯ ಇಲಾಖೆ ಇಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಿತು. ಕಾಡಿನೊಳಗೆ ಉದ್ಯಾನದ ಕಟ್ಟೋಣ ಬೇಡವೆಂದು ಸುತ್ತಲಿನ ನಿವಾಸಿಗಳು, ನಡಿಗೆಗೆ ಬರುವವರು, ಸೈಕಲ್ ಸವಾರರು, ಪಕ್ಷಿವೀಕ್ಷಕರು ಒಟ್ಟಾಗಿ ದನಿಯೆತ್ತಿದರು. ಯೋಜನೆ ಅಲ್ಲಿಗೆ ನಿಂತಿತು. ಗುಡಿಯೂ ಕೋಟೆಯೂ ಕಾಯದ ಕಾಡನ್ನು ಅಂದು ಕಾದವರು ಅದರ ಹಾದಿ ಸವೆಸಿದವರು. ಆ ಹಾದಿಯಲ್ಲಿ ಎಂದೂ ನಡೆಯದಿದ್ದವರಿಗೆ ಏನು ಹೋಗುತ್ತಿದೆ ಎಂಬುದಾದರೂ ಹೇಗೆ ತಿಳಿಯಬೇಕು?

ಹಾಗೆಂದು ಹತ್ತುವವರೆಲ್ಲ ಕಾಯುವವರೆಂದು ಹೇಳುವಂತಿಲ್ಲ. ಬಂಡೆಯ ಮೇಲೆ ಬಣ್ಣದಲ್ಲಿ ಹೆಸರು ಬರೆಯುವವರು, ಒಡೆದ ಬಾಟಲಿ ಬಿಟ್ಟುಹೋಗುವವರು, ಬೇಸಿಗೆಯ ಒಣಹುಲ್ಲಿನ ನಡುವೆ ಒಲೆ ಹೂಡುವವರೂ ಅದೇ ಹಾದಿಯಲ್ಲಿ ಬರುತ್ತಾರೆ. ವಿಹಾರಕ್ಕೂ ಒಂದು ನಡವಳಿಕೆ ಬೇಕು. ಜರ್ಮನಿಯ ಸ್ಯಾಕ್ಸನಿಯಲ್ಲಿ, ಎಲ್ಬೆ ನದಿಯ ದಂಡೆಯ ಮರಳುಗಲ್ಲಿನ ಸೀಮೆಯಲ್ಲಿ ಇದಕ್ಕೊಂದು ಉದಾಹರಣೆ ಇದೆ. ಅಲ್ಲಿಯೂ ಕ್ಯೋನಿಗ್‌ಸ್ಟೈನ್‌ನಂಥ ಬೆಟ್ಟದ ಕೋಟೆಗಳಿವೆ. ಬಾಸ್ಟೈ ಎಂಬ ಬಂಡೆಯ ತುದಿಯಿಂದ ನದಿ ನೋಡಲು ಜನ ತಂಡತಂಡವಾಗಿ ಬರುತ್ತಾರೆ. 1864ರಲ್ಲಿ ಹತ್ತಿರದ ಊರಿನ ಕೆಲವು ಅಂಗಸಾಧಕರು ಫಾಲ್ಕೆನ್‌ಸ್ಟೈನ್ ಎಂಬ ಬಂಡೆಯನ್ನು ಬರೀ ವಿನೋದಕ್ಕೆಂದು ಏರಿದರು. ಅಲ್ಲಿಂದೀಚೆಗೆ ಹತ್ತುವವರೇ ಕಟ್ಟಳೆಗಳನ್ನು ಮಾಡಿಕೊಂಡರು: ಮೆತು ಕಲ್ಲಿಗೆ ಗಾಯವಾಗದಂತೆ ಬಿರುಕಿಗೆ ಲೋಹದ ಬೆಣೆ ತುರುಕಬಾರದು, ಕೈಗೆ ಸುಣ್ಣದಂಥ ಪುಡಿ ಹಚ್ಚಬಾರದು, ಕಲ್ಲು ತೊಯ್ದಾಗ ಹತ್ತಬಾರದು. ಕಟ್ಟಳೆಯ ಜೊತೆಗೇ ಆಟವೂ ಒಂದೂವರೆ ಶತಮಾನ ದಾಟಿ ಬಂದಿದೆ.

ನಮ್ಮಲ್ಲಿಯೂ ಇಂಥ ಕಟ್ಟುಪಾಡು ಇಲ್ಲದಿಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ಯಿಂದ ದೇಶಕ್ಕೆಲ್ಲ ಪರಿಚಿತವಾದ ರಾಮನಗರದ ಬೆಟ್ಟಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುತ್ತವೆ. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ದೇವರ ದರ್ಶನಕ್ಕೆ ಮೆಟ್ಟಿಲು ಹತ್ತಬಹುದು. ಹದ್ದಿನ ಬಂಡೆಯನ್ನು ಹದ್ದಿಗೇ ಬಿಡಬೇಕು.

ಕೆಂಪೇಗೌಡರ ಗೋಪುರಗಳನ್ನು ಊರು ಎಂದೋ ದಾಟಿ ಬೆಳೆದಿದೆ. ಬಂಡೆಯ ನೆತ್ತಿಯಿಂದ ಈಗ ಕಾಣುವುದು ಶತ್ರುವಿನ ದಂಡಲ್ಲ, ದಿಗಂತದವರೆಗೆ ಹಬ್ಬಿದ ಮನೆಗಳ ಸಾಲು. ಹಿಂದೆ ಬಂಡೆಯ ಮೇಲಿನವರು ಊರನ್ನು ಕಾಯುತ್ತಿದ್ದರು. ಈಗ ಊರಿನವರು ಬಂಡೆಯನ್ನು ಕಾಯುವ ಸರದಿ ಬಂದಿದೆ.