ಬಂಡೆಯ ಮೇಲಿನ ಮಚ್ಚೆ ರೋಗವಲ್ಲ



ಅರಕೇರಾ ಸುತ್ತಲಿನ ಬಂಡೆಗಳ ಮೇಲೆ ಸುಣ್ಣ ಚೆಲ್ಲಿದಂತಹ ಬಿಳಿ, ಬೂದಿ, ಹಳದಿ ಮಚ್ಚೆಗಳನ್ನು ನೀವು ಕಂಡಿರುವಿರಿ. ಇದು ಹೊಲಕ್ಕೆ ಹಬ್ಬುವ ರೋಗವೇ ಎಂಬ ಸಂಶಯ ಬರುವುದು ಸಹಜ. ರೋಗವಲ್ಲ, ಇವು ಕಲ್ಲುಹೂವಿನ ಜಾತಿಗಳು.

ಕಲ್ಲುಹೂ ಒಂದೇ ಜೀವಿಯಲ್ಲ. ಶಿಲೀಂಧ್ರ, ಅಂದರೆ ಬೂಷ್ಟು, ಹಾಗೂ ಪಾಚಿ ಕೂಡಿ ಬಾಳುವ ಜೋಡಿ ಇದೆಂದು 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ತಿಳಿಸಿದರು. ಬೂಷ್ಟು ಆಸರೆ ಕೊಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಶಾಸ್ತ್ರೀಯ ಹೆಸರು ಬೂಷ್ಟಿಗೆ ಸಲ್ಲುವುದರಿಂದ ಕಲ್ಲುಹೂವನ್ನು ಶಿಲೀಂಧ್ರಗಳ ಗುಂಪಿಗೇ ಸೇರಿಸಿದ್ದಾರೆ.

ಆಕಾರದಿಂದ ಮುಖ್ಯವಾಗಿ ಮೂರು ಬಗೆ:
1. ಕಲ್ಲಿಗೆ ಬಣ್ಣ ಬಳಿದಂತೆ ಅಂಟಿದ್ದು.
2. ಎಲೆಯಂತೆ ಹರಡಿದ್ದು.
3. ಪುಟ್ಟ ಪೊದೆಯಂತೆ ಕವಲೊಡೆದದ್ದು.

ಮಸಾಲೆಯ ಕಲ್ಲುಹೂ ಎರಡನೆಯ ಬಗೆಯದು. ಎಲ್ಲವೂ ತಿನ್ನತಕ್ಕವಲ್ಲ, ಬಂಡೆಯ ಮಚ್ಚೆ ಕೆರೆದು ಅಡಿಗೆಗೆ ಹಾಕಬೇಡಿರಿ.

ಜೋಳದ ಕಾಡಿಗೆ ರೋಗವೂ ಶಿಲೀಂಧ್ರವೇ. ಆದರೆ ಅದು ಬೆಳೆಯನ್ನೇ ಉಂಡು ಬದುಕುತ್ತದೆ. ಕಲ್ಲುಹೂವಿನ ಬೂಷ್ಟಿಗೆ ಅದರ ಪಾಚಿಯೇ ಅನ್ನ ಕೊಡುತ್ತದೆ. ಆದುದರಿಂದ ಒಡ್ಡಿನ ಕಲ್ಲಿಗೆ, ಬೇವಿನ ಗಿಡದ ತೊಗಟೆಗೆ ಔಷಧ ಹೊಡೆದು ಹಣ ಕಳೆಯಬೇಡಿರಿ. ಆ ಹಣ ಬೀಜೋಪಚಾರಕ್ಕಿರಲಿ.