ಮುಡಿಗೊಪ್ಪುವುದೆಲ್ಲ ಮಡಕೆಗೆ ಸಲ್ಲದು

ನಮ್ಮ ಅಡುಗೆಮನೆಗೆ ಹೂವು ಹೊಸ ಅತಿಥಿಯಲ್ಲ. ಬಾಳೆಹೂವಿನ ಪಲ್ಯ, ಕುಂಬಳದ ಹೂವಿನ ಬೋಂಡ, ಒಣಗಿಸಿದ ಬೇವಿನ ಹೂವಿನ ಸಾರು, ಇವೆಲ್ಲ ತಲೆಮಾರುಗಳಿಂದ ನಡೆದುಬಂದ ಪಾಕಗಳು. ಆದರೆ ಹೂವೆಂದರೆ ಮೃದು, ಮೃದುವಾದದ್ದು ನಿರಪಾಯ ಎಂಬ ಭಾವನೆಯೂ ನಮ್ಮಲ್ಲಿ ಬೇರೂರಿದೆ. ಕಾವ್ಯಕ್ಕೆ ಅದು ಒಪ್ಪೀತು, ಅಡುಗೆಗೆ ಒಪ್ಪದು.

ಕಣಗಿಲೆಯನ್ನೇ ನೋಡಿ. ಪೂಜೆಗೆ ಸಲ್ಲುವ ಈ ಗಿಡದ ಹೂವು, ಎಲೆ, ತೊಗಟೆ, ಬೇರು ಎಲ್ಲವೂ ವಿಷ. ಅದರಲ್ಲಿರುವ ಓಲಿಯಾಂಡ್ರಿನ್ ಎಂಬ ದ್ರವ್ಯ ಹೃದಯದ ಲಯವನ್ನೇ ಕೆಡಿಸುತ್ತದೆ. ಉಮ್ಮತ್ತಿಯ ಹೂವು, ಹೆಸರೇ ಹೇಳುವಂತೆ, ಮತಿಗೆಡಿಸುತ್ತದೆ. ಆದರೆ ಎಲ್ಲ ಹೆಸರುಗಳೂ ಹೀಗೆ ಎಚ್ಚರಿಸುವುದಿಲ್ಲ. ಕೇರಳದಲ್ಲಿ ಕಣಗಿಲೆಗೆ ‘ಅರಳಿ’ ಎನ್ನುತ್ತಾರೆ. ಅಲ್ಲಿನ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂವನ್ನು ಬಳಸಕೂಡದೆಂದು ವಿಧಿಸಿತು. ನಮಗಾದರೋ ಅರಳಿಯೆಂದರೆ ಅಶ್ವತ್ಥ! ಆದ್ದರಿಂದ ಹೆಸರನ್ನು ನಂಬಬಾರದು, ಗಿಡವನ್ನು ಗುರುತಿಸಬೇಕು. ಸಂದೇಹವಿದ್ದರೆ ಬಿಟ್ಟುಬಿಡುವುದೇ ಜಾಣತನ.

ಚೆನ್ನಾಗಿ ಬೇಯಿಸಿದರೆ ದೋಷ ಪರಿಹಾರವಾಗದೆ ಎಂದು ಕೇಳುವವರುಂಟು. ಇಲ್ಲಿ ದೋಷಗಳು ಎರಡು ಬಗೆ. ಮಣ್ಣಿನಿಂದಲೋ ಕೈಯಿಂದಲೋ ಅಂಟಿದ ರೋಗಾಣುಗಳು ಬೇಯಿಸಿದರೆ ಸಾಯುತ್ತವೆ. ಗಿಡವೇ ತನ್ನೊಳಗೆ ಕಟ್ಟಿಕೊಂಡ ವಿಷ ಹಾಗಲ್ಲ. ಕಣಗಿಲೆಯನ್ನು ಕುದಿಸಿದರೂ ಒಣಗಿಸಿದರೂ ಅದರ ವಿಷ ಉಳಿದೇ ಇರುತ್ತದೆ. ಹೂವಿನಂಗಡಿಯ ಮಾಲೆಯ ಹೂಗಳನ್ನೂ ನಾನು ಒಲೆಯ ಬಳಿ ಸೇರಿಸುವುದಿಲ್ಲ. ತಿನ್ನಲೆಂದು ಬೆಳೆಯದ ಆ ಹೂಗಳಿಗೆ ಕೀಟನಾಶಕ ಸಿಂಪಡಿಸಿರಬಹುದು. ಎಸಳಿನೊಳಗೆ ಇಳಿದ ಔಷಧಿ ತೊಳೆದರೆ ಹೋಗದು.

ಇನ್ನು ಹಸನು ಮಾಡುವ ಕ್ರಮ. ಬೆಳಿಗ್ಗೆ ಕೊಯ್ದ ಕುಂಬಳದ ಹೂವನ್ನು ಬಿಡಿಸಿ, ಒಳಗೆ ಹುಳುವಿದೆಯೇ ನೋಡಿ, ನಡುವಣ ಕೇಸರವನ್ನೂ ಬುಡದ ಹಸಿರು ತೊಟ್ಟನ್ನೂ ತೆಗೆಯಬೇಕು. ಅಗಸೆ ಹೂವಿನ ಕಹಿಯೂ ಕೇಸರ ತೆಗೆದರೆ ತಗ್ಗುತ್ತದೆ. ಬಾಳೆಹೂವಿನಲ್ಲಾದರೆ ಪ್ರತಿಯೊಂದು ಕಿರುಹೂವಿನ ಗಟ್ಟಿ ಕಡ್ಡಿಯನ್ನು ಕಿತ್ತು, ಹೆಚ್ಚಿದ್ದನ್ನು ಮಜ್ಜಿಗೆಯಲ್ಲಿ ನೆನೆಸಿದರೆ ಒಗರು ಇಳಿಯುತ್ತದೆ, ಬಣ್ಣವೂ ಕಪ್ಪಾಗದು. ಎಲ್ಲವನ್ನೂ ಎರಡು ಮೂರು ನೀರಿನಲ್ಲಿ ತೊಳೆದು ಅಂದೇ ಬೇಯಿಸುವುದು ಲೇಸು. ಬೆಂದದ್ದನ್ನು ಸೆಖೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಹೊಸ ಹೂವಾದರೆ ಮೊದಲ ದಿನ ಸ್ವಲ್ಪವೇ ಸಾಕು. ಪರಾಗ ಒಗ್ಗದವರೂ ಇರುತ್ತಾರೆ.

ಅಪರಿಚಿತ ಹೂವನ್ನು ಮಗು ತಿಂದಿತೆಂದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಲಕ್ಷಣಗಳಿಗಾಗಿ ಕಾಯಲೂ ಬೇಡಿ. ಆ ಗಿಡದ ಒಂದು ಟೊಂಗೆಯನ್ನು ಕೈಯಲ್ಲಿ ಹಿಡಿದು ನೇರವಾಗಿ ಆಸ್ಪತ್ರೆಗೆ ನಡೆಯಿರಿ. ವೈದ್ಯರಿಗೆ ನಿಮ್ಮ ವರ್ಣನೆಗಿಂತ ಆ ಟೊಂಗೆಯೇ ಹೆಚ್ಚು ಹೇಳುತ್ತದೆ.